ಲಕ್ಕಮ್ಮನ ಅಳತೆ

ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ನಮ್ಮ ಆಫೀಸಿನಿಂದ ಯಾರ ದನಿಯೂ ನೆಟ್ಟಗೆ ಹೊರಗೆ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆ ಕೊಡುವ ಆಫೀಸು ನಮ್ಮದು. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20 ಕೊನೆಯ ದಿನ. ಆ ವಾರವಿಡೀ ಬಿಲ್ಲುಗಳ ಸ್ಕ್ಯಾನು, ಟ್ಯಾಲಿ ಡೇಟಾದ ಬ್ಯಾಕಪ್ಪು, ಗಿರಾಕಿಗಳ ಜೊತೆ ವಿಡಿಯೊ ಮೀಟಿಂಗು, ಎಲ್ಲವೂ ಒಂದೇ ಕನೆಕ್ಷನ್ನಿನ ಮೇಲೆ ಬೀಳುತ್ತವೆ. ಮಾತಾಡುತ್ತಿದ್ದವರ ಮುಖ ಬಾಯಿ ತೆರೆದ ಹಾಗೆಯೇ ಪರದೆಯ ಮೇಲೆ ನಿಂತುಬಿಡುತ್ತದೆ. ಆಮೇಲೆ ನಾಲ್ಕು ಮಾತು ಒಟ್ಟಿಗೆ ಓಡಿಬಂದು ಒಂದರ ಮೇಲೊಂದು ಬೀಳುತ್ತವೆ. ಕಂಪ್ಯೂಟರು, ಪ್ರಿಂಟರು, ನೆಟ್ಟು ಇವೆಲ್ಲ ನೋಡಿಕೊಳ್ಳುವವಳು ನಾನಾದ್ದರಿಂದ ಬೈಗುಳ ನೇರ ನನ್ನ ಟೇಬಲ್ಲಿಗೆ ಬರುತ್ತದೆ.

"ಅಲ್ರೀ ಮೇಡಂ, ದೊಡ್ಡ ಪ್ಲ್ಯಾನ್ ತಗೊಂಡು ಬಿಡ್ರಿ, ಪೀಡಾ ಹೋಗ್ಲಿ" ಎಂದರು ನಮ್ಮ ಸಾಹೇಬರು. ಏನು ಕೆಟ್ಟರೂ 'ಸಾಲುತ್ತಿಲ್ಲ' ಅನ್ನುವುದು ಈಗಿನವರ ಮೊದಲ ಉತ್ತರ. ಸಂಬಳ, ಜಾಗ, ಸಮಯ, ನೆಟ್ಟು, ಯಾವುದಾದರೂ ಸರಿ. ಆದರೆ ಸ್ಪೀಡ್ ಟೆಸ್ಟ್ ಮಾಡಿದರೆ ಕಂಪನಿ ಹೇಳಿದಷ್ಟೂ ಬರುತ್ತಿತ್ತು. ಒಳಗೆ ಬರುವುದಕ್ಕೆ 100 ಎಂಬಿಪಿಎಸ್, ಹೊರಗೆ ಹೋಗುವುದಕ್ಕೆ 10. ಒಬ್ಬರ ವಿಡಿಯೊ ಬಹಳ ಸ್ಪಷ್ಟವಾಗಿ ಹೋಗಬೇಕೆಂದರೂ ಮೂರು ನಾಲ್ಕು ಎಂಬಿಪಿಎಸ್ ಸಾಕು. ಬರೀ ದನಿಗಾದರೆ ಅದರ ಹತ್ತನೇ ಒಂದು ಪಾಲೂ ಬೇಡ. ಲೆಕ್ಕದ ಪ್ರಕಾರ ಎಲ್ಲವೂ ಸಾಲುತ್ತಿತ್ತು, ಮಾತು ಮಾತ್ರ ಒಡೆಯುತ್ತಿತ್ತು.

ಮೊದಲು ವೈಫೈ ಮೇಲೆ ಅನುಮಾನಪಡುವುದು ರೂಢಿ. ತಪ್ಪೇನಲ್ಲ, ಬಹಳ ಸಲ ಅದೇ ಇರುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಕದ ಚಾನೆಲ್ಲುಗಳೆಂದರೆ 1, 6, 11 ಮೂರೇ. ಅಕ್ಕಪಕ್ಕದ ಬಟ್ಟೆ ಅಂಗಡಿ, ಔಷಧಿ ಅಂಗಡಿ, ಮೇಲಿನ ಮಹಡಿಯ ಮನೆ ಎಲ್ಲ ಆ ಮೂರರಲ್ಲೇ ನುಗ್ಗಾಡುತ್ತಿರುತ್ತವೆ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಕಟ್ಟಿ ನೋಡಿದೆ. ದನಿ ಹಾಗೆಯೇ ಒಡೆಯಿತು. ಅಲ್ಲಿಗೆ ವೈಫೈ ನಿರಪರಾಧಿ ಎಂದಾಯಿತು. ಆಮೇಲೆ ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು, ಪ್ಯಾಕೆಟ್ಟು ಎಂಬ ಡೇಟಾದ ತುಣುಕು ಹೋಗಿ ಬರುವ ಹೊತ್ತನ್ನು ಅಳೆಯುವ ಪಿಂಗ್ ಹಚ್ಚಿದೆ. ಲೈನು ಖಾಲಿ ಇದ್ದಾಗ ಹೋಗಿ ಬರಲು 18 ಮಿಲಿಸೆಕೆಂಡು. ಅಕೌಂಟ್ಸಿನ ಹುಡುಗ ಬ್ಯಾಕಪ್ ಒತ್ತಿದ ಕೂಡಲೇ 200, 500, ಮುಂದೆ 800ರ ಆಚೆ. ಬ್ಯಾಕಪ್ ನಿಲ್ಲಿಸಿದರೆ ತುಸು ಹೊತ್ತಿನಲ್ಲೇ ಮತ್ತೆ 18.

ಈ ಎಣಿಕೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೆಳಗಿನ ಸಾಲು. ಕಳೆದ ಪ್ಯಾಕೆಟ್ಟು: ಸೊನ್ನೆ. ಕಳಿಸಿದ್ದೆಲ್ಲ ತಲುಪಿತ್ತು. ತಡವಾಗಿ ತಲುಪಿತ್ತು, ಅಷ್ಟೇ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆ ಸಹಜವಾಗಿ ನಡೆಯುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಶಿಫಾರಸು. ಮೀಟಿಂಗಿನಲ್ಲಿ ನಮ್ಮ ದನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ 50ರಂತೆ ಹೊರಡುತ್ತದೆ. ಒಂದು ತುಣುಕು ಕಳೆದುಹೋದರೆ ಆಚೆ ತುದಿಯ ಸಾಫ್ಟ್‌ವೇರು ಹಿಂದಿನ ದನಿಯನ್ನೇ ಎಳೆದು ಆ ಕಂಡಿ ಮುಚ್ಚುತ್ತದೆ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ತಡವಾಗಿ ಬಂದ ತುಣುಕನ್ನು ಮಾತ್ರ ಏನೂ ಮಾಡಲಾಗದು. ಅದರ ಜಾಗ ದಾಟಿಹೋಗಿರುತ್ತದೆ. ಅಷ್ಟು ಕಷ್ಟಪಟ್ಟು ಕಾಪಾಡಿ ತಂದದ್ದನ್ನು ಬಾಗಿಲಲ್ಲೇ ಎಸೆಯಬೇಕಾಗುತ್ತದೆ.

ಇದನ್ನು ಕಾಪಾಡಿದವರು ಯಾರು? ಕನೆಕ್ಷನ್ನಿನ ಬಾಯಲ್ಲಿ ಕೂತ ಪೆಟ್ಟಿಗೆ. ಒಳಗಿನಿಂದ ಬರುವ ವೇಗ ದೊಡ್ಡದು, ಹೊರಗಿನ ದಾರಿ ಇಕ್ಕಟ್ಟು. ನಡುವೆ ತಡೆದು ನಿಲ್ಲಿಸಲು ಪೆಟ್ಟಿಗೆಯಲ್ಲಿ ತುಸು ಮೆಮೊರಿ ಇರುತ್ತದೆ, ಅದಕ್ಕೆ ಬಫರ್ ಅನ್ನುತ್ತಾರೆ. 10 ಎಂಬಿಪಿಎಸ್ ದಾರಿಯ ಮುಂದೆ 1 ಮೆಗಾಬೈಟ್ ಸರತಿ ತುಂಬಿ ನಿಂತರೆ ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಬ್ಯಾಕಪ್ಪು ಆ ಸರತಿಯನ್ನು ತುಂಬುತ್ತದೆ, ಹಿಂದೆ ಬಂದ ದನಿಯ ತುಣುಕು ಅಷ್ಟು ಹೊತ್ತು ನಿಲ್ಲುತ್ತದೆ. ಮೆಮೊರಿ ಅಗ್ಗವಾದ ಮೇಲೆ ಪೆಟ್ಟಿಗೆ ಮಾಡುವವರು ಧಾರಾಳವಾಗಿ ಬಫರ್ ಕೊಟ್ಟರು. ಏನನ್ನೂ ಕಳೆಯಬಾರದು ಎಂಬ ಸದುದ್ದೇಶ ಅವರದು. ಬೆಲ್ ಲ್ಯಾಬ್ಸಿನಲ್ಲಿದ್ದ ಜಿಮ್ ಗೆಟಿಸ್ ಎಂಬ ಎಂಜಿನಿಯರು 2010ರಲ್ಲಿ ತಮ್ಮ ಮನೆಯ ನೆಟ್ಟು ಯಾಕೆ ಹೀಗೆ ತೆವಳುತ್ತದೆಂದು ಹುಡುಕಹೋಗಿ ಈ ರೋಗವನ್ನು ಗುರುತಿಸಿದರು. ಬಫರ್‌ಬ್ಲೋಟ್ ಎಂದು ಅದಕ್ಕೆ ಹೆಸರಾಯಿತು. ನಮ್ಮ ಆಫೀಸಿನ ಕಾಯಿಲೆಯೂ ಅದೇ.

ಕಾರಣ ಸಿಕ್ಕಿತು. ಸಿಕ್ಕ ಮೇಲೆ ಅದು ನನ್ನನ್ನು ಬೇರೆಯದೇ ರೀತಿಯಲ್ಲಿ ಕಾಡತೊಡಗಿತು. ಆ ಪೆಟ್ಟಿಗೆ ಯಾರದನ್ನೂ ಕದ್ದಿಲ್ಲ, ಕಳೆದಿಲ್ಲ, ಯಾರನ್ನೂ ಬಾಗಿಲಿಂದ ಅಟ್ಟಿಲ್ಲ. ಬಂದದ್ದನ್ನೆಲ್ಲ ಜೋಪಾನ ಮಾಡಿ, ಬಂದ ಕ್ರಮದಲ್ಲೇ ಮುಟ್ಟಿಸಿದೆ. ಒಬ್ಬ ನಂಬಿಕಸ್ಥನಿಂದ ಇದಕ್ಕಿಂತ ಹೆಚ್ಚು ಏನು ಕೇಳುತ್ತೇವೆ? ಹಾಗಿದ್ದೂ ಅದರ ಈ ಒಳ್ಳೆಯತನದಿಂದಲೇ ಎಲ್ಲರ ಮಾತೂ ಕೆಟ್ಟಿತು. ಹಾಗಾದರೆ ಕೂಡಿಡುವುದು ಯಾವ ಹಂತದಲ್ಲಿ ದೋಷವಾಗುತ್ತದೆ? ನನಗೆ ಇದು ರೂಟರಿನ ಪ್ರಶ್ನೆಯಾಗಿ ಕಾಣಲಿಲ್ಲ. ಇದಕ್ಕೆ ಎಂಟುನೂರು ವರ್ಷದ ಹಿಂದೆ ನಮ್ಮ ಊರ ಕಡೆಯ ಹೆಣ್ಣುಮಗಳೊಬ್ಬಳು ಉತ್ತರ ಕೊಟ್ಟಿದ್ದಳು.

ನಾನು ಲಿಂಗಸುಗೂರು ತಾಲ್ಲೂಕಿನವಳು. ಅಮರೇಶ್ವರ ನಮಗೆ ದೂರವಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಗಂಡಹೆಂಡಿರು ಅಲ್ಲಿಂದ ಕಲ್ಯಾಣಕ್ಕೆ ಹೋದವರು. ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಕಾಳುಗಳನ್ನು ಆಯ್ದು ತರುತ್ತಿದ್ದ, ಲಕ್ಕಮ್ಮ ಅದರಿಂದ ಅಡಿಗೆ ಮಾಡಿ ಜಂಗಮರಿಗೆ ಬಡಿಸುತ್ತಿದ್ದಳು, ಆಮೇಲೆ ತಾವೂ ಉಣ್ಣುತ್ತಿದ್ದರು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆಕೆ ಗಂಟು ನೋಡಿದವಳೇ, ಇದು ನಮ್ಮ ಇಂದಿನ ಪಾಲಿಗಿಂತ ಹೆಚ್ಚು, ಹೋಗಿ ಅಲ್ಲೇ ಸುರಿದು ಬಾ ಎಂದಳು. ಅವ್ವ ಈ ಕಥೆ ಹೇಳುವಾಗಲೆಲ್ಲ ನಾನು ಜಗಳ ತೆಗೆಯುತ್ತಿದ್ದೆ.

"ಬಿದ್ದದ್ದು ಆಯ್ದು ತಂದ್ರ ಏನು ತಪ್ಪಬೇ ಅವ್ವಾ? ಕಳವು ಮಾಡಿದ್ನೇನು?"

"ಕಳವಲ್ಲ. ನಾಳಿಂದು ಇವತ್ತು ಯಾಕ ತರಬೇಕು ಅಂತ ಆಕಿ ಕೇಳ್ಯಾಳ."

ಪ್ರವಚನ ಮಾಡುವವರು ಈ ಕಥೆಯನ್ನು ಆಸೆಯ ಕಥೆ ಮಾಡಿಬಿಡುತ್ತಾರೆ. ಮಾರಯ್ಯನಿಗೆ ಆಸೆ ಹುಟ್ಟಿತು, ಹೆಂಡತಿ ತಿದ್ದಿದಳು, ಮಂಗಳಂ. ನನಗೆ ಅದು ಎಂದೂ ಒಪ್ಪಿಗೆಯಾಗಿಲ್ಲ. ಆ ದಿನ ಅಕ್ಕಿಯನ್ನು ಬೇಕೆಂದೇ ಹೆಚ್ಚು ಚೆಲ್ಲಿದ್ದರು ಎಂದೂ ಕಥೆ ಹೇಳುವವರಿದ್ದಾರೆ. ಹಾಗಿದ್ದರೆ ಮಾರಯ್ಯ ಎಂದಿನ ಕೆಲಸವನ್ನೇ ಮಾಡಿದ್ದಾನೆ. ನೆಲದ ಮೇಲಿದ್ದುದನ್ನು ಆಯ್ದಿದ್ದಾನೆ. ಲೋಭಿ ಅನ್ನಲು ಅವನಲ್ಲಿ ಏನೂ ಇಲ್ಲ. ಎಷ್ಟೆಂದರೂ ಅದು ಒಂದು ಗಂಟು ಅಕ್ಕಿ. ಕಲ್ಯಾಣದ ಸೆಟ್ಟಿಗಳ ಉಗ್ರಾಣದ ಮುಂದೆ ಅದರ ಪ್ರಮಾಣ ನಗೆ ಬರಿಸುವಂಥದ್ದು. ಪ್ರಮಾಣದಿಂದ ಅಳೆದರೆ ಲಕ್ಕಮ್ಮನ ಮಾತು ಬರೀ ಹಟವಾಗಿ ಕಾಣುತ್ತದೆ. ಆಕೆ ಅಳೆದದ್ದು ಸೇರಿನಿಂದಲ್ಲ, ದಿನದಿಂದ. ಈ ಅಕ್ಕಿ ಎಷ್ಟಿದೆ ಎಂಬುದು ಆಕೆಯ ಪ್ರಶ್ನೆಯೇ ಆಗಿರಲಿಲ್ಲ. ಇದು ಎಷ್ಟು ಹೊತ್ತು ನಮ್ಮ ಮನೆಯಲ್ಲಿ ಕೂತಿರುತ್ತದೆ ಎಂದು ಕೇಳಿದಳು.

ನೆಟ್‌ವರ್ಕಿನ ಜನ ಈ ಅಳತೆಗೆ ಬರಲು ಬಹಳ ಸುತ್ತಿದರು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ಎರಡರ ನಡುವೆ ಬರೀ 400 ಗಜ ದೂರ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ದಾರಿಯಲ್ಲಿ 40 ಬಿಟ್ ಹೋಗತೊಡಗಿತು. ದಾರಿ ತುಂಬಿ ಉತ್ತರ ತಡವಾದಂತೆ ಪ್ರತಿ ಯಂತ್ರವೂ ತನ್ನದು ಕಳೆದಿರಬೇಕೆಂದು ಇನ್ನೊಂದು ಪ್ರತಿ ಕಳಿಸುತ್ತಿತ್ತು, ತುಂಬಿದ ದಾರಿ ಇನ್ನೂ ತುಂಬುತ್ತಿತ್ತು. ವ್ಯಾನ್ ಜೇಕಬ್‌ಸನ್ ಅದನ್ನು ಕೂತು ಬಿಡಿಸಿದರು. 1988ರಲ್ಲಿ ಅವರು ಮೈಕೆಲ್ ಕ್ಯಾರೆಲ್ಸ್ ಜೊತೆ ಬರೆದ ಪ್ರಬಂಧದ ತಿರುಳು ಇಷ್ಟು: ಪ್ಯಾಕೆಟ್ಟು ಕಳೆಯಿತೆಂದರೆ ದಾರಿ ತುಂಬಿದೆ ಎಂದು ತಿಳಿ, ಕೈ ಹಿಂದಕ್ಕೆ ತಗೋ, ಆಮೇಲೆ ಮೆಲ್ಲಗೆ ಮತ್ತೆ ಹೆಚ್ಚಿಸು. ಇಂದಿಗೂ ನೆಟ್ಟಿನಲ್ಲಿ ಡೇಟಾ ಸಾಗಿಸುವ ಟಿಸಿಪಿ ಎಂಬ ನಿಯಮದ ಬಹುಪಾಲು ವ್ಯವಹಾರ ಈ ಬುನಾದಿಯ ಮೇಲೆಯೇ ನಿಂತಿದೆ.

ನಷ್ಟ ಇಲ್ಲಿ ಸುದ್ದಿ. ಕಳೆದದ್ದರ ಪ್ರತಿ ಕಳಿಸಿದವನ ಬಳಿ ಇದ್ದೇ ಇರುತ್ತದೆ, ತಲುಪಿತೆಂಬ ರಸೀದಿ ಬರುವ ತನಕ ಅವನು ಅದನ್ನು ಬಿಡುವುದಿಲ್ಲ. ಹಾಗಾಗಿ ಬೀಳಿಸಿದರೆ ಹಾಳಾಗುವುದು ಬಹಳ ಕಡಿಮೆ, ತಿಳಿಯುವುದು ಬಹಳ. ಈಗ ನಡುವೆ ದೊಡ್ಡ ಬಫರಿನ ಕರುಣಾಳು ಪೆಟ್ಟಿಗೆಯೊಂದು ಕೂತಿತು ಅನ್ನಿ. ಅದು ಏನನ್ನೂ ಬೀಳಿಸದೆ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಳಿಸುವವನಿಗೆ ಸುದ್ದಿ ಮುಟ್ಟುವುದೇ ಇಲ್ಲ. ದಾರಿ ಸಲೀಸಾಗಿದೆ ಎಂದುಕೊಂಡು ಅವನು ಇನ್ನಷ್ಟು ತುರುಕುತ್ತಾನೆ. ಮನೆಯ ಸಾಲ ಮಕ್ಕಳಿಗೆ ಗೊತ್ತಾಗದಂತೆ ವರ್ಷಗಟ್ಟಲೆ ನಿಭಾಯಿಸಿ, ಕೊನೆಗೆ ಮನೆಯೇ ಹರಾಜಿಗೆ ಬಂದ ದಿನ ಬಾಯಿಬಿಡುವ ಯಜಮಾನರನ್ನು ನಾನು ಕಂಡಿದ್ದೇನೆ. ಪಾಪ, ಪ್ರೀತಿಯಿಂದಲೇ ಮುಚ್ಚಿಟ್ಟಿರುತ್ತಾರೆ.

ಇನ್ನೂ ವಿಚಿತ್ರವಾದದ್ದನ್ನು ಜಾನ್ ನೇಗಲ್ 1985ರಲ್ಲೇ ತೋರಿಸಿದ್ದರು. ಆರ್‌ಎಫ್‌ಸಿ 970 ಎಂಬ ಆ ಬರಹ ಕೆಲವೇ ಪುಟಗಳದು. ಅವರ ಪ್ರಶ್ನೆ ಅಧ್ಯಾತ್ಮದವರು ಕೇಳುವಂಥದ್ದು: ಕೂಡಿಡುವ ಜಾಗಕ್ಕೆ ಕೊನೆಯೇ ಇಲ್ಲದಿದ್ದರೆ ಏನಾಗುತ್ತದೆ? ಅನಂತ ಉಗ್ರಾಣವಿದ್ದರೆ ಏನೂ ಕಳೆಯಬಾರದಲ್ಲ? ಲೆಕ್ಕ ಉಲ್ಟಾ ಬಂತು. ಪ್ರತಿ ಪ್ಯಾಕೆಟ್ಟಿಗೂ ಒಂದು ಆಯುಸ್ಸು ಬರೆದಿರುತ್ತದೆ. ಹೊರೆ ಹೆಚ್ಚಾದಾಗ ಸರತಿ ಬೆಳೆಯುತ್ತಲೇ ಹೋಗುತ್ತದೆ. ಎಷ್ಟು ಬೆಳೆಯುತ್ತದೆಂದರೆ, ತನ್ನ ಪಾಳಿ ಬರುವ ಹೊತ್ತಿಗೆ ಪ್ರತಿಯೊಂದರ ಆಯುಸ್ಸೂ ಮುಗಿದಿರುತ್ತದೆ. ಅಂದರೆ ಎಂದೂ ತುಂಬದ ಉಗ್ರಾಣವುಳ್ಳ ಜಾಲ, ಹೊರೆ ಮೀರಿದಾಗ, ಎಲ್ಲವನ್ನೂ ಕಳೆಯುತ್ತದೆ. ಅಲ್ಲೇ ಅವರು ಇನ್ನೊಂದು ಮಾತನ್ನೂ ಎತ್ತುತ್ತಾರೆ. ಹಂಚಿ ಬಳಸುವ ದಾರಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಜಾಣರಾದರೆ ಎಲ್ಲರೂ ಕೆಡುತ್ತಾರೆ, ಊರ ಗೋಮಾಳ ಕೆಟ್ಟ ಹಾಗೆ. ನೇಗಲ್ ಆಗ ಒಂದು ಬಾಹ್ಯಾಕಾಶ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅಪರಿಗ್ರಹದ, ಅಂದರೆ ಕೂಡಿಡದಿರುವ ವ್ರತದ ಬಗ್ಗೆ ನಾನು ಓದಿದ ಹರಿತವಾದ ಬರಹಗಳಲ್ಲಿ ಇದೂ ಒಂದು, ಆ ಶಬ್ದ ಅದರಲ್ಲಿ ಎಲ್ಲೂ ಬರದಿದ್ದರೂ.

ಇದನ್ನೆಲ್ಲ ನಮ್ಮ ಆಫೀಸಿನ ಹಿರಿಯ ಅಕೌಂಟೆಂಟರ ಮುಂದೆ ಹೇಳಿದೆ. ಅವರು ಜೈನರು, ಸೂರ್ಯ ಮುಳುಗುವ ಮೊದಲೇ ಉಂಡು ಮುಗಿಸುವವರು. "ಹಂಗಾರ ಬಫರ್ ತಗದ ಬಿಡ್ರಿ ಮೇಡಂ, ಮುಗೀತಲ್ಲ" ಎಂದು ನನ್ನನ್ನು ಪರೀಕ್ಷೆ ಮಾಡುವವರಂತೆ ನಕ್ಕರು. ತೆಗೆಯಲು ಬರುವುದಿಲ್ಲ. ಪ್ಯಾಕೆಟ್ಟುಗಳು ಒಂದೊಂದಾಗಿ ಅಳೆದು ಸುರಿದಂತೆ ಬರುವುದಿಲ್ಲ, ಗುಂಪುಗುಂಪಾಗಿ ನುಗ್ಗುತ್ತವೆ. ಕ್ಷಣಹೊತ್ತು ಹಿಡಿದಿಡಲು ಜಾಗವಿಲ್ಲದಿದ್ದರೆ ದಾರಿ ಖಾಲಿ ಇದ್ದಾಗಲೂ ಅವು ಬಿದ್ದುಹೋಗುತ್ತವೆ. ಅದಕ್ಕೆ ಅವರು ಹೇಳಿದರು, ಎಲ್ಲ ಬಿಡುವುದು ಮುನಿಗಳ ಮಹಾವ್ರತ, ನಮ್ಮಂಥ ಶ್ರಾವಕರಿಗೆ ಹೇಳಿದ್ದು ಪರಿಗ್ರಹ ಪರಿಮಾಣ. ಇಷ್ಟರ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದು ತಾನೇ ಒಂದು ಗೆರೆ ಹಾಕಿಕೊಳ್ಳುವ ಅಣುವ್ರತ. ಸಂಸಾರ ಮಾಡುವ ಪೆಟ್ಟಿಗೆಗೆ ತಕ್ಕ ವ್ರತ ಅದೇ ಎಂದು ನನಗೂ ಅನ್ನಿಸಿತು. ಆದರೆ ಗೆರೆಯನ್ನು ಎಲ್ಲಿ ಹಾಕುವುದು? ಇಷ್ಟು ಎಕರೆ, ಇಷ್ಟು ತೊಲ ಎಂದ ಹಾಗೆ ಇಷ್ಟು ಪ್ಯಾಕೆಟ್ಟು ಎಂದು ಹಾಕಿದರೆ ಕೆಲಸ ಆಗುವುದಿಲ್ಲ. 100 ಎಂಬಿಪಿಎಸ್ ದಾರಿಗೆ ಚಿಕ್ಕದಾದ ಸರತಿ 1 ಎಂಬಿಪಿಎಸ್ ದಾರಿಗೆ ಭಾರಿಯಾಗುತ್ತದೆ. ಪ್ರಮಾಣದಿಂದ ಗೆರೆ ಎಳೆಯಹೋದವರು ಎರಡು ದಶಕ ಒದ್ದಾಡಿದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ ಸೇರಿ ಕೊಡೆಲ್ ಎಂಬ ಉಪಾಯ ಪ್ರಕಟಿಸಿದರು. ಸರತಿ ಎಷ್ಟು ಉದ್ದವಿದೆ ಎಂದು ಅದು ನೋಡುವುದೇ ಇಲ್ಲ. ಒಂದೊಂದು ಪ್ಯಾಕೆಟ್ಟೂ ಒಳಗೆ ಎಷ್ಟು ಹೊತ್ತು ಕೂತಿತ್ತು ಎಂದು ನೋಡುತ್ತದೆ. 100 ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯೂ ಆ ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ, ಒಂದನ್ನು ಬೀಳಿಸುತ್ತದೆ. ಆದರೂ ಇಳಿಯದಿದ್ದರೆ ಬೀಳಿಸುವ ಗತಿಯನ್ನು ಮೆಲ್ಲಗೆ ಏರಿಸುತ್ತದೆ. ನುಗ್ಗಿಬಂದು ತುಸುವೇ ಹೊತ್ತಿನಲ್ಲಿ ಕರಗುವ ಸರತಿ ಅವರ ಲೆಕ್ಕದಲ್ಲಿ ಒಳ್ಳೆಯದು, ಎಷ್ಟೇ ದೊಡ್ಡದಿರಲಿ. ಕರಗದೆ ನಿಂತೇ ಇರುವ ಸರತಿ ಕೆಟ್ಟದ್ದು, ಎಷ್ಟೇ ಚಿಕ್ಕದಿರಲಿ. ಇದನ್ನು ಓದಿದಾಗ ನನಗೆ ಅವ್ವ ಹೇಳಿದ್ದ ಮಾತು ಅರ್ಥವಾಯಿತು. ಲೋಭವನ್ನು ನಾವು ರಾಶಿ ನೋಡಿ ಹೇಳುತ್ತೇವೆ. ಹೇಳಬೇಕಾದದ್ದು ಆ ರಾಶಿಯ ಮೇಲೆ ಕೂತ ಧೂಳು ನೋಡಿ.

ಇಲ್ಲಿ ನಮ್ಮ ರಾಯಚೂರು ಸೀಮೆಯವರು ಸುಮ್ಮನಿರಲಾರರು, ನನಗೆ ಗೊತ್ತು. ಮಳೆ ನಂಬಿ ಬದುಕಲಾಗದ ನೆಲ ನಮ್ಮದು. ಅಲ್ಲಿ ಹಗೇವು ತೆಗೆದು ಜೋಳ ತುಂಬಿ ಮುಚ್ಚಿಡುತ್ತಿದ್ದರು, ವರ್ಷಗಟ್ಟಲೆ. ಎಲ್ಲರೂ ಲಕ್ಕಮ್ಮನಂತೆ ಇಂದಿನದಷ್ಟೇ ಇಟ್ಟುಕೊಂಡಿದ್ದರೆ ಬರಗಾಲಕ್ಕೆ ಊರು ಉಳಿಯುತ್ತಿರಲಿಲ್ಲ. ಈ ಆಕ್ಷೇಪಣೆ ಗಟ್ಟಿಯಾದದ್ದು, ಇದನ್ನು ಭಕ್ತಿಯ ಮಾತಿನಲ್ಲಿ ತೇಲಿಸಿಬಿಡಬಾರದು. ನಾನು ಹೇಳುವುದಿಷ್ಟು. ಹಗೇವಿನ ಜೋಳ ಒಂದು ಗೊತ್ತಾದ ಕಷ್ಟಕ್ಕಾಗಿ ಕಾಯುತ್ತದೆ, ಆ ಕಷ್ಟ ಬಂದ ದಿನ ಬಾಯಿ ತೆರೆಯುತ್ತದೆ. ಅದು ಒಳಗಿದ್ದಾಗ ಯಾರ ದಾರಿಗೂ ಅಡ್ಡ ನಿಂತಿರುವುದಿಲ್ಲ. ಬರ ಬಂದಾಗಲೂ ತೆರೆಯದೆ ದರ ಏರಲೆಂದು ಕಾಯ್ದರೆ ಅದೇ ಹಗೇವು ಬೇರೆಯಾಯಿತು. ಎರಡೂ ಸಂದರ್ಭದಲ್ಲಿ ಜೋಳ ಅಷ್ಟೇ ಇರುತ್ತದೆ, ಬದಲಾದದ್ದು ಹೊತ್ತು. ಲಕ್ಕಮ್ಮನ ದಿನದ ಅಳತೆಯನ್ನು ಎಲ್ಲರೂ ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಒಂದೊಂದು ಪದಾರ್ಥಕ್ಕೂ ಒಂದೊಂದು ಹೊತ್ತಿದೆ. ಜೋಳಕ್ಕೆ ವರ್ಷ, ಅನ್ನಕ್ಕೆ ದಿನ, ಮಾತಿಗೆ 150 ಮಿಲಿಸೆಕೆಂಡು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಆಕ್ಷೇಪಣೆ. ಮಾರಯ್ಯ ಸುರಿದು ಬಂದದ್ದು ತಾನೇ ಆಯ್ದ ಅಕ್ಕಿ. ರೂಟರು ಬೀಳಿಸುವುದು ಬೇರೆಯವರದ್ದು. ಬೇರೆಯವರದನ್ನು ಬಿಡುವುದು ತ್ಯಾಗ ಹೇಗಾದೀತು? ಆಗುವುದಿಲ್ಲ. ಅದಕ್ಕೇ ಇಲ್ಲಿ ತ್ಯಾಗದ ಜೊತೆಗೆ ನ್ಯಾಯವೂ ಬೇಕು, ಯಾರದನ್ನು ಬಿಡುವುದು ಎಂಬ ವಿವೇಕ ಬೇಕು. ಮೊದಲು ಬಂದವರಿಗೆ ಮೊದಲು ಎಂಬ ಕ್ರಮ ಮೇಲುನೋಟಕ್ಕೆ ಬಲು ನ್ಯಾಯವಾದದ್ದು. ಅದರಲ್ಲಿ ಗೆಲ್ಲುವವನು ಯಾವಾಗಲೂ ಹೆಚ್ಚು ತಂದು ಸುರಿಯುವವನು. ಬ್ಯಾಕಪ್ಪು ಸಾವಿರ ಪ್ಯಾಕೆಟ್ಟು ನಿಲ್ಲಿಸುತ್ತದೆ, ದನಿ ಒಂದನ್ನು ಹಿಡಿದು ಹಿಂದೆ ನಿಲ್ಲುತ್ತದೆ, ಪಾಳಿ ಮುರಿದವರು ಯಾರೂ ಇಲ್ಲ. ನೇಗಲ್ ಆ 1985ರ ಬರಹದಲ್ಲೇ ಇದಕ್ಕೆ ಪರಿಹಾರ ಸೂಚಿಸಿದ್ದರು: ಒಬ್ಬೊಬ್ಬರಿಗೂ ಬೇರೆ ಸರತಿ ಮಾಡಿ, ಸುತ್ತಿನ ಮೇಲೆ ಒಂದೊಂದು ತೆಗೆಯಿರಿ. ಇದನ್ನು ಕೊಡೆಲ್ ಜೊತೆ ಕೂಡಿಸಿದ ಎಫ್‌ಕ್ಯೂ-ಕೊಡೆಲ್ 2012ರಲ್ಲೇ ಲಿನಕ್ಸಿನ 3.5ನೇ ಆವೃತ್ತಿಗೆ ಬಂತು, ಪುಕ್ಕಟೆ. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಗೀಗ ಒಂದಿಷ್ಟೇ ಕೇಳುವವರನ್ನು ಮೊದಲು ಕಳಿಸುತ್ತದೆ, ತುಂಬಿ ತುಂಬಿ ಕಳಿಸುವವರ ರಾಶಿಯಿಂದ ಬೀಳಿಸುತ್ತದೆ. ಎರಡೂ ಕಡೆಯ ಯಂತ್ರಗಳು ಒಪ್ಪಿದ್ದರೆ ಬೀಳಿಸುವ ಬದಲು ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆಯ ಗುರುತು ಹಾಕಿ ಕಳಿಸುವ ಏರ್ಪಾಡೂ 2001ರಿಂದ ಇದೆ. ಬಿಡುವ ಮೊದಲು ಹೇಳುವ ಸೌಜನ್ಯ ಅದು. ಇದೆಲ್ಲ ಕಂಪನಿಗಳ ಕಪಾಟಿನಲ್ಲಿ ಉಳಿಯದೆ ಸಣ್ಣ ರೂಟರುಗಳಿಗೂ ಇಳಿದು ಬರುವಂತೆ ವರ್ಷಗಟ್ಟಲೆ ಬಡಿದಾಡಿದವರಲ್ಲಿ ಡೇವ್ ಟಾಟ್ ಮುಖ್ಯರು. ಅವರು 2025ರಲ್ಲಿ ತೀರಿಕೊಂಡರು.

ನಮ್ಮ ಆಫೀಸಿನಲ್ಲಿ ಇದನ್ನು ಹಚ್ಚಲು ಒಂದು ಷರತ್ತಿತ್ತು. ಹೊರಗೆ ಹೋಗುವ 10 ಎಂಬಿಪಿಎಸ್‌ನಲ್ಲಿ ನಾವೇ ಒಂದನ್ನು ಬಿಟ್ಟುಕೊಟ್ಟು 9ಕ್ಕೆ ಮಿತಿ ಹಾಕಬೇಕು. ಪೂರ್ತಿ ಹತ್ತನ್ನೂ ಬಳಸಿದರೆ ಸರತಿ ನಮ್ಮ ರೂಟರಿನಲ್ಲಿ ನಿಲ್ಲದೆ ಮುಂದಿನ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಅಲ್ಲಿ ನಮ್ಮ ನ್ಯಾಯ ನಡೆಯುವುದಿಲ್ಲ. ಸಾಹೇಬರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ.

"ನಾವು ರೊಕ್ಕಾ ಕೊಟ್ಟಿದ್ದು ಹತ್ತಕ್ಕಲ್ಲೇನ್ರಿ? ಒಂಬತ್ತು ಯಾಕ?"

"ಒಂದು ಬಿಟ್ರ ಉಳದ ಒಂಬತ್ತು ನಮ್ಮ ಮಾತು ಕೇಳ್ತಾವ್ರಿ ಸರ."

ಅವರು ಒಪ್ಪಿದ್ದು ನನ್ನ ತರ್ಕಕ್ಕಲ್ಲ, ದೊಡ್ಡ ಪ್ಲ್ಯಾನಿನ ಖರ್ಚು ತಪ್ಪುತ್ತದೆ ಎಂಬುದಕ್ಕೆ. ಇರಲಿ. ಈಗ ಬ್ಯಾಕಪ್ ನಡೆದಿದ್ದಾಗಲೂ ಪಿಂಗ್ 30ರ ಆಸುಪಾಸಿನಲ್ಲೇ ಇರುತ್ತದೆ. ಬ್ಯಾಕಪ್ಪು ಮುಗಿಯುವುದು ಸ್ವಲ್ಪ ತಡವಾಗುತ್ತದೆ. ರಾತ್ರಿ ಎಂಟರ ಬದಲು ಎಂಟೂ ಕಾಲಿಗೆ ಮುಗಿದರೆ ಅದಕ್ಕೇನೂ ನೋವಾಗುವುದಿಲ್ಲ.

ನೋವಾಗುವುದು ಯಾರಿಗೆ ಎಂದು ನೋಡಿ ಗೆರೆ ಹಾಕುವುದು ನಮ್ಮ ಸಾರ್ವಜನಿಕ ಜೀವನಕ್ಕೂ ಹೊಸದೇನಲ್ಲ. ಕರ್ನಾಟಕದ 2011ರ ನಾಗರಿಕ ಸೇವಾ ಖಾತರಿ ಕಾಯ್ದೆ, ಜನ ಸಕಾಲ ಎಂದು ಕರೆಯುವುದು, ಕಚೇರಿಯಲ್ಲಿ ಎಷ್ಟು ಕಡತ ಬಾಕಿ ಇವೆ ಎಂದು ಕೇಳುವುದಿಲ್ಲ. ಈ ಒಂದು ಅರ್ಜಿ ಎಷ್ಟು ದಿನದಿಂದ ಕೂತಿದೆ ಎಂದು ಕೇಳುತ್ತದೆ, ಮಿತಿ ಮೀರಿದರೆ ಹೊಣೆಯಾದ ಅಧಿಕಾರಿಯಿಂದ ಪರಿಹಾರ ಕೊಡಿಸುತ್ತದೆ. ಕಾಯ್ದೆ ಹೇಳಿದಂತೆ ಎಲ್ಲ ಕಚೇರಿಯಲ್ಲೂ ನಡೆಯುತ್ತಿದೆಯೇ ಎಂಬುದು ಬೇರೆ ಮಾತು. ಅಳತೆಗೋಲು ಮಾತ್ರ ಸರಿಯಾದದ್ದು. ಯಾವ ಗುಮಾಸ್ತನೂ ಅರ್ಜಿಯನ್ನು ಹರಿದು ಎಸೆಯುವುದಿಲ್ಲ, ಕಪಾಟಿನಲ್ಲಿ ಭದ್ರವಾಗಿಯೇ ಇಡುತ್ತಾನೆ. ವಿಧವಾ ವೇತನಕ್ಕೆ ಅರ್ಜಿ ಹಾಕಿದವಳಿಗೆ ಆ ಭದ್ರತೆಯಿಂದ ಏನೂ ಸಿಗುವುದಿಲ್ಲ. ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ಅವಳು ಬೇರೆ ದಾರಿಯಾದರೂ ನೋಡುತ್ತಿದ್ದಳು.

ಯಂತ್ರಕ್ಕೆ ಮನಸ್ಸಿಲ್ಲ, ಅದಕ್ಕೆ ಅಪರಿಗ್ರಹವೂ ಇಲ್ಲ, ಲೋಭವೂ ಇಲ್ಲ, ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ಪೆಟ್ಟಿಗೆಯನ್ನು ಮಾಡಿದವರಿಗೆ ಮನಸ್ಸಿತ್ತು. ಏನೂ ಕಳೆಯಬಾರದು ಎಂಬ ಅವರ ನಂಬಿಕೆ ಒಂದೊಂದು ಮನೆಯ ಗೋಡೆಯ ಮೇಲೂ ಹಸಿರು ದೀಪ ಮಿನುಗಿಸುತ್ತ ಕೂತಿದೆ. ಶರಣರ ಕಥೆಗಳನ್ನು ಮಠದ ಪ್ರವಚನಕ್ಕೆ ಬಿಟ್ಟುಕೊಟ್ಟು ನಾವು ಬಡವಾಗಿದ್ದೇವೆ ಎಂದು ನನಗೆ ಹಲವು ಸಲ ಅನ್ನಿಸಿದೆ. ಲಕ್ಕಮ್ಮನನ್ನು ಪತಿವ್ರತೆಯರ ಪಟ್ಟಿಯಲ್ಲಿ ಕೂರಿಸಿ ಕೈಮುಗಿಯುವವರು ಆಕೆ ಒಂದು ಗಟ್ಟಿಯಾದ ವಾದ ಹೂಡಿದ್ದಳು ಎಂಬುದನ್ನೇ ಮರೆತಿದ್ದಾರೆ. ಅಕ್ಕಿ ಹೆಚ್ಚಾಯಿತು ಎಂದು ಕಂಡುಹಿಡಿಯಲು ಆಕೆಗೆ ತಕ್ಕಡಿ ಬೇಕಾಗಲಿಲ್ಲ.

ನಿಮ್ಮ ಆಫೀಸಿನಲ್ಲೂ ಮೀಟಿಂಗು ಒಡೆಯುತ್ತಿದ್ದರೆ ದೊಡ್ಡ ಪ್ಲ್ಯಾನಿಗೆ ದುಡ್ಡು ಕಟ್ಟುವ ಮುನ್ನ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಕಟ್ಟಿ, ಪಿಂಗ್ ಹಚ್ಚಿಟ್ಟು, ದೊಡ್ಡ ಕಡತವೊಂದನ್ನು ಅಪ್‌ಲೋಡಿಗೆ ಹಾಕಿ. ಪಿಂಗ್ ಒಮ್ಮೆಲೇ ನೂರಾರಕ್ಕೆ ಏರಿದರೆ ರೂಟರಿನ ಸೆಟ್ಟಿಂಗಿನಲ್ಲಿ ಸರತಿ ನಿರ್ವಹಿಸುವ ಎಸ್‌ಕ್ಯೂಎಂ ಅಥವಾ ಎಫ್‌ಕ್ಯೂ-ಕೊಡೆಲ್ ಇದೆಯೇ ಹುಡುಕಿ. ಇದ್ದರೆ ಅದನ್ನು ಚಾಲೂ ಮಾಡಿ ಹತ್ತರಲ್ಲೊಂದು ಪಾಲು ವೇಗ ಬಿಟ್ಟುಕೊಡಿ. ಇಲ್ಲದಿದ್ದರೆ ಅದು ಇರುವ ರೂಟರು ತನ್ನಿ, ಅದಕ್ಕೆ ಬಹಳ ದುಡ್ಡು ಬೇಕಿಲ್ಲ. ಅಷ್ಟಾದ ಮೇಲೂ ದನಿ ಒಡೆದರೆ ಆಗ ಕಂಪನಿಯವರಿಗೆ ಫೋನ್ ಮಾಡಿ ಬೈಯಿರಿ.